ಹೆಣ್ಣು ನಾಯಿಮರಿಯನ್ನು ಬೀದಿಗೆ ಬಿಡಬೇಡಿ, ಸಂತಾನಹರಣ ಆಪರೇಷನ್ ಮಾಡಿಸಿ ಸಾಕಿ

ಮಾನ್ಯ ಸಂಪಾದಕರಿಗೆ,

ಬೀದಿನಾಯಿಗಳ ಕಾಟದ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಇತ್ತೀಚೆಗೆ ಬಂದ ಪತ್ರಗಳನ್ನು ತಪ್ಪದೆ ಓದಿದ್ದೇನೆ. ನಗರಸಭೆಯವರು ಹಿಡಿದುಕೊಂಡು ಹೋಗಲಿ, ಪಂಚಾಯಿತಿಯವರು ದೂರ ಎಲ್ಲಾದರೂ ಬಿಟ್ಟು ಬರಲಿ ಎಂದೇ ಹೆಚ್ಚಿನವರು ಬರೆದಿದ್ದಾರೆ. ಕಚ್ಚಿಸಿಕೊಂಡವರ ಸಿಟ್ಟು, ಸ್ಕೂಲಿಗೆ ಮಕ್ಕಳನ್ನು ಕಳಿಸುವ ತಾಯಂದಿರ ದಿಗಿಲು ನನಗೆ ಅರ್ಥವಾಗುತ್ತದೆ. ಆದರೆ ಆ ನಾಯಿಗಳು ಬೀದಿಗೆ ಬಂದದ್ದು ಎಲ್ಲಿಂದ ಎಂದು ಒಬ್ಬರೂ ಕೇಳಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕು.

ನಾನು ಕೋಲಾರ ತಾಲ್ಲೂಕು ವೇಮಗಲ್ ಹೋಬಳಿಯ ಒಂದು ಹಳ್ಳಿಯಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಊರಿನ ಅರ್ಧಕ್ಕಿಂತ ಹೆಚ್ಚು ಮನೆಯವರು ಹಾಲಿನ ಕ್ಯಾನು ಹಿಡಿದುಕೊಂಡು ನನ್ನ ಮುಂದೆ ಸಾಲು ನಿಲ್ಲುತ್ತಾರೆ. ಯಾರ ಮನೆ ಹಸು ಬತ್ತಿಸಿದೆ, ಯಾವುದು ಗಬ್ಬ ನಿಂತಿದೆ, ಯಾರ ಮನೆ ನಾಯಿ ಮರಿ ಹಾಕಿದೆ ಎಂಬುದೆಲ್ಲ ಹಾಲಿನ ಫ್ಯಾಟ್ (ಕೊಬ್ಬಿನಂಶ) ನೋಡುವಷ್ಟರಲ್ಲಿ ನನ್ನ ಕಿವಿಗೆ ಬಿದ್ದಿರುತ್ತದೆ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ನಮ್ಮ ಭಾಗದ ಬೀದಿಯಲ್ಲಿ ಅಲೆಯುವ ಹೆಣ್ಣು ನಾಯಿಗಳಲ್ಲಿ ನನಗೆ ಗೊತ್ತಿರುವ ಬಹಳಷ್ಟು ಯಾರದೋ ಮನೆಯ ಹಿತ್ತಲಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಹುಟ್ಟಿದವು. ಹೆಣ್ಣು ಎಂಬ ಒಂದೇ ಕಾರಣಕ್ಕೆ ಆಚೆಗೆ ಬಿದ್ದವು.

ಪ್ರತಿ ವರ್ಷ ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ ನಮ್ಮ ಡೇರಿಯ ಹಿಂದುಗಡೆ ಮರಿಗಳು ಬಂದು ಬೀಳುತ್ತವೆ. ರಾತ್ರಿ ಯಾರೋ ಪಶು ಆಹಾರದ ಖಾಲಿ ಚೀಲದಲ್ಲಿ ತಂದು ಬಿಟ್ಟು ಹೋಗಿರುತ್ತಾರೆ. ಡೇರಿ ಹತ್ತಿರವಾದರೆ ಹಾಲು ಚೆಲ್ಲಿರುತ್ತದೆ, ಹೇಗೋ ಬದುಕಿಕೊಳ್ಳುತ್ತವೆ ಎಂಬ ಲೆಕ್ಕಾಚಾರ ಅವರದು. ಬೆಳಿಗ್ಗೆ ಬೀಗ ತೆಗೆಯಲು ಹೋದರೆ ಕ್ಯಾನು ತೊಳೆಯುವ ಕಟ್ಟೆಯ ಕೆಳಗೆ ಒಂದರ ಮೇಲೊಂದು ಬಿದ್ದುಕೊಂಡು ಕುಂಯ್‌ಗುಡುತ್ತಿರುತ್ತವೆ. ಕೆಲವು ಸಲ ಕಣ್ಣೂ ಬಿಟ್ಟಿರುವುದಿಲ್ಲ. ಕಣ್ಣು ಬಿಡಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಂದರೆ ತಾಯಿಯ ಮೊಲೆ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಕೂಸುಗಳು. ಕಟ್ಟೆಯಿಂದ ಹರಿಯುವ ಸೋಡಾ ಪುಡಿ ಬೆರೆತ ಬಿಳಿ ನೀರನ್ನೇ ಹಾಲೆಂದು ನೆಕ್ಕುತ್ತವೆ. ಎತ್ತಿ ನೋಡಿದರೆ ಎಲ್ಲವೂ ಹೆಣ್ಣು. ಗಂಡು ಮರಿಗಳನ್ನು ಮೊದಲೇ ಆರಿಸಿಕೊಂಡಿರುತ್ತಾರೆ. ಹೀಗೆ ಬಿಟ್ಟು ಹೋದ ಹೆಣ್ಣು ಮರಿಗಳಲ್ಲಿ ಬಹುಪಾಲು ವಾರದೊಳಗೆ ಸಾಯುತ್ತವೆ. ಕೆಲವು ಹಾಲಿನ ವ್ಯಾನಿನ ಚಕ್ರಕ್ಕೆ ಸಿಗುತ್ತವೆ, ಕೆಲವು ರಕ್ತ ಭೇದಿಯಾಗಿ ಪಾರ್ವೊ ಕಾಯಿಲೆಯಲ್ಲಿ ಹೋಗುತ್ತವೆ. ಉಳಿದ ಒಂದೋ ಎರಡೋ ಮುಂದಿನ ಮಳೆಗಾಲದ ಹೊತ್ತಿಗೆ ಬೆದೆಗೆ ಬರುತ್ತವೆ. ಮತ್ತೆ ಅದೇ ಕಥೆ.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಕೋಲಾರ, ಚಿಕ್ಕಬಳ್ಳಾಪುರ ಅಂದರೆ ಹೈನುಗಾರಿಕೆಯ ಜಿಲ್ಲೆಗಳು. ರೇಷ್ಮೆ ಬಿದ್ದುಹೋದಾಗ, ಟೊಮೆಟೊ ಬಾಕ್ಸು ರಸ್ತೆಗೆ ಸುರಿದಾಗ ನಮ್ಮ ಮನೆಗಳ ಒಲೆ ಉರಿಸಿದ್ದು ಹಸು. ಹಸುವಿನ ಬೆದೆಯ ವಿಚಾರದಲ್ಲಿ ನಮ್ಮ ಊರಿನ ಓದು ಬರದ ಹೆಂಗಸಿಗೆ ಇರುವ ತಿಳಿವಳಿಕೆ ನೋಡಬೇಕು. ಹಸು ಕೂಗುವ ರೀತಿ, ಬಾಲದ ಹತ್ತಿರ ಲೋಳೆ ಕಾಣುವುದು, ಹಾಲು ಇಳಿಯುವುದು ಎಲ್ಲ ಗುರುತಿಸುತ್ತಾಳೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಸೆಮೆನ್ ಹಾಕಿಸಬೇಕು ಎಂಬುದು ಬಾಯಿಪಾಠ. ನಿಲ್ಲದಿದ್ದರೆ 21 ದಿನಕ್ಕೆ ಮತ್ತೆ ಬರುತ್ತದೆ, ನಿಂತರೆ ಒಂಬತ್ತು ತಿಂಗಳು ಮೇಲೆ ಹತ್ತು ದಿನ ಎಂದು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಡುತ್ತಾಳೆ. ಈಗ ಹೆಣ್ಣು ಕರುವೇ ಹುಟ್ಟಬೇಕೆಂದು ಲಿಂಗ ನಿರ್ಧರಿತ ವೀರ್ಯದ ನಳಿಕೆಗೆ ಹೆಚ್ಚು ದುಡ್ಡು ಕೊಡಲೂ ಸಿದ್ಧ.

ಅದೇ ಮನೆಯ ಜಗುಲಿಯಲ್ಲಿ ಮಲಗಿರುವ ಹೆಣ್ಣು ನಾಯಿ ಯಾವಾಗ ಬೆದೆಗೆ ಬರುತ್ತದೆ ಎಂದು ಕೇಳಿ ನೋಡಿ. ಉತ್ತರವಿಲ್ಲ. ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಒಂದೊಂದು ಸಲವೂ ಮೂರು ವಾರದಷ್ಟು ಇರುತ್ತದೆ. ಮೊದಲ ಒಂದು ವಾರ, ಹತ್ತು ದಿನ ರಕ್ತ ಕಾಣುತ್ತದೆ, ಆಗ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ರಕ್ತ ತಿಳಿಯಾಗುತ್ತಾ ಬಂದ ಮೇಲೆ ಸೇರಿಸುತ್ತದೆ. ರಕ್ತ ನಿಂತಿತು, ಇನ್ನು ಬಿಚ್ಚಿ ಬಿಡಬಹುದು ಎಂದು ಜನ ತಿಳಿಯುವುದು ಸರಿಯಾಗಿ ಆ ಹೊತ್ತಿಗೇ. ಅಲ್ಲಿಂದ ಸುಮಾರು 63 ದಿನಕ್ಕೆ ಐದಾರು ಮರಿ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಗಂಡು ನಾಯಿಗಳು ತಂದೆಯಾಗಿರುವುದೂ ಉಂಟು. ಆರೇಳು ತಿಂಗಳ ಮರಿಯೂ ಗಬ್ಬವಾಗಬಲ್ಲದು. ಹಸುವಿನ ಬಗ್ಗೆ ಇಷ್ಟು ಬಲ್ಲವರಿಗೆ ಇದನ್ನು ಕಲಿಯುವುದು ಕಷ್ಟದ ಮಾತೇ ಅಲ್ಲ. ಹಾಲು ಕೊಡುವುದಿಲ್ಲವೆಂದು ಯಾರೂ ಗಮನ ಕೊಟ್ಟಿಲ್ಲ, ಅಷ್ಟೆ.

"ಗಂಡು ಮರಿ ಇದ್ರೆ ಒಂದು ಕೊಡಕ್ಕ, ಹೆಣ್ಣಾದ್ರೆ ಬ್ಯಾಡ" ಎಂದು ನನ್ನ ಹತ್ತಿರ ಕೇಳದವರಿಲ್ಲ. ಯಾಕೆ ಬೇಡ ಎಂದರೆ ಮರಿ ಹಾಕುತ್ತದೆ, ಊರ ನಾಯಿಗಳೆಲ್ಲ ಬಾಗಿಲಿಗೆ ಬರುತ್ತವೆ. ಸರಿ, ಆ ಎರಡೂ ತೊಂದರೆಗಳನ್ನು ಒಂದು ಆಪರೇಷನ್ ತೆಗೆದುಹಾಕುತ್ತದಲ್ಲ! ಆಮೇಲೆ ಹೆಣ್ಣು ಬೇಡ ಎನ್ನಲು ಯಾವ ಕಾರಣ ಉಳಿಯಿತು?

ನಮ್ಮ ಮನೆಯ ಕೆಂಪಿಯ ವಿಷಯ ಹೇಳುತ್ತೇನೆ. ಅವಳೂ ಡೇರಿ ಹಿಂದೆ ಸಿಕ್ಕವಳೇ, ಅಪ್ಪಟ ನಾಟಿ ನಾಯಿ, ಕೆಮ್ಮಣ್ಣಿನ ಬಣ್ಣ. ಸಾಕುವುದೆಂದು ತೀರ್ಮಾನ ಮಾಡಿದ ದಿನವೇ ಆಪರೇಷನ್ ಮಾಡಿಸುವುದೆಂದೂ ತೀರ್ಮಾನವಾಗಿತ್ತು. ಲಸಿಕೆಗಳೆಲ್ಲ ಮುಗಿದು ಆರು ತಿಂಗಳು ತುಂಬಿದ ಮೇಲೆ ಕೋಲಾರಕ್ಕೆ ಕರೆದುಕೊಂಡು ಹೋದೆವು. ಹಿಂದಿನ ರಾತ್ರಿಯಿಂದ ಊಟ ಕೊಟ್ಟಿರಲಿಲ್ಲ. ಹೊಟ್ಟೆಯಲ್ಲಿ ಅನ್ನವಿದ್ದರೆ ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ತೂಕ ನೋಡಿ ಮತ್ತಿನ ಇಂಜೆಕ್ಷನ್ ಕೊಟ್ಟರು. ಹೊಟ್ಟೆಯ ಕೂದಲು ಬೋಳಿಸಿದ ಜಾಗ ಎಳೆ ಮಗುವಿನದರಂತೆ ಕಂಡು ನನ್ನ ಮಗಳು ಹೊರಗೆ ಓಡಿದಳು. ನಾನು ನಿಂತು ನೋಡಿದೆ. ಗಾಯ ಎರಡು ಬೆರಳಿನ ಅಗಲವೂ ಇರಲಿಲ್ಲ. ತೆಗೆದ ಗರ್ಭಕೋಶವನ್ನು ವೈದ್ಯರು ತಟ್ಟೆಯಲ್ಲಿಟ್ಟು ತೋರಿಸಿದರು. ಎರಡು ಕವಲಾಗಿ ಹೋದ ಸಣ್ಣ ನಾಳ, ಒಂದೊಂದರ ತುದಿಗೂ ಅವರೆಕಾಳಿನಷ್ಟು ದೊಡ್ಡದಿರುವ ಅಂಡಾಶಯ. ವರ್ಷಕ್ಕೆ ಹತ್ತು ಹನ್ನೆರಡು ಮರಿಗಳನ್ನು ಬೀದಿಗೆ ತರುವುದು ಇಷ್ಟೇ ಇಷ್ಟು ಮಾಂಸ!

ಮತ್ತಿನ ಅಮಲು ಇಳಿಯುವಾಗ ಕೆಂಪಿ ನಡುಗಿದಳು, ನರಳಿದಳು. ಗೋಣಿ ಚೀಲ ಹಾಸಿ, ಹಳೆ ಸೀರೆ ಹೊದಿಸಿ ಪಕ್ಕದಲ್ಲೇ ಕೂತಿದ್ದೆವು. ಮಾರನೆಯ ದಿನ ರಾಗಿ ಗಂಜಿ ಕುಡಿದಳು. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಹಾಕಿದ ಪ್ಲಾಸ್ಟಿಕ್ ಲಾಳಿಕೆ ಬಾಗಿಲ ಚೌಕಟ್ಟಿಗೆ ತಗುಲಿ ಮೊದಲೆರಡು ದಿನ ಪಾಪ ಗಾಬರಿಯಾಗುತ್ತಿದ್ದಳು. ಹೊಲಿಗೆ ಬಿಚ್ಚುವವರೆಗೆ ಓಡಲು ಬಿಡಲಿಲ್ಲ, ನೀರು ತಾಗಿಸಲಿಲ್ಲ, ಆಂಟಿಬಯಾಟಿಕ್ ಮಾತ್ರೆಯನ್ನು ಬೆಲ್ಲದ ಚೂರಿನಲ್ಲಿ ಇಟ್ಟು ಕೊಟ್ಟೆವು. ಎಲ್ಲ ಖರ್ಚು ಸೇರಿ ಹಾಲಿಗೆ ಡೇರಿಯಿಂದ ನಮ್ಮ ಮನೆಗೆ ಬರುವ ಒಂದು ಬಟವಾಡೆಯ ಹಣ. ಕಡಿಮೆಯಲ್ಲ, ಒಪ್ಪುತ್ತೇನೆ. ಆದರೆ ಒಂದೇ ಸಲದ ಖರ್ಚು, ನಾಯಿಯ ಜೀವಮಾನಕ್ಕೆ.

ಈಗ ಜನರು ಹೇಳುವ ಅಡ್ಡ ಮಾತುಗಳಿಗೆ ಬರುತ್ತೇನೆ. "ಒಂದು ಸಲನಾದ್ರೂ ಮರಿ ಹಾಕ್ಲಿ, ಆಮೇಲೆ ಮಾಡ್ಸಿದ್ರಾಯ್ತು" ಎನ್ನುತ್ತಾರೆ. ಮರಿ ಹಾಕಿದ್ದರಿಂದ ನಾಯಿಯ ಆರೋಗ್ಯಕ್ಕೆ ಲಾಭವಿಲ್ಲ. ಮೊದಲ ಬೆದೆಗೆ ಮುಂಚೆಯೇ ಮಾಡಿಸಿದರೆ ಮುಂದೆ ಮೊಲೆಗಳಲ್ಲಿ ಗಡ್ಡೆಯಾಗುವ ಅಪಾಯ ತುಂಬ ಇಳಿಯುತ್ತದೆ; ಬೆದೆಗಳು ಕಳೆದಂತೆ ಆ ಲಾಭ ಕರಗುತ್ತಾ ಹೋಗುತ್ತದೆ ಎನ್ನುತ್ತಾರೆ ವೈದ್ಯರು. "ಕಾವಲು ಕಾಯೋದಿಲ್ಲ, ಸೋಮಾರಿ ಆಗುತ್ತೆ" ಎಂಬುದು ಇನ್ನೊಂದು. ನಮ್ಮ ಕೆಂಪಿ ಇವತ್ತಿಗೂ ಗುರುತಿಲ್ಲದ ಬೈಕು ಬೀದಿ ತಿರುಗಿದರೆ ಊರು ಎಬ್ಬಿಸುತ್ತಾಳೆ. ಬೊಗಳುವುದಕ್ಕೂ ಗರ್ಭಕೋಶಕ್ಕೂ ಸಂಬಂಧವಿಲ್ಲ. ತೂಕ ಏರುತ್ತದೆ ಎಂಬುದು ನಿಜ, ಹಾಗಾಗಿ ಊಟ ಸ್ವಲ್ಪ ಕಡಿಮೆ ಮಾಡಬೇಕು. ಕೆಲವು ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ ಮಲಗಿದಲ್ಲಿ ಮೂತ್ರ ಸೋರುವುದೂ ಉಂಟು, ಅದಕ್ಕೆ ಔಷಧಿ ಇದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ಜಾತಿಯ ನಾಯಿಗಳಿಗೆ ಮೂಳೆ, ಕೀಲು ಬಲಿಯಲೆಂದು ವರ್ಷ ತುಂಬುವವರೆಗೆ ಅಥವಾ ಅದಕ್ಕೂ ಮೇಲೆ ಕಾಯಲು ಹೇಳುತ್ತಾರೆ. ಇದನ್ನೆಲ್ಲ ಮುಚ್ಚಿಡಬೇಕಾಗಿಲ್ಲ, ನಿಮ್ಮ ನಾಯಿಗೆ ಯಾವಾಗ ಸರಿ ಎಂದು ವೈದ್ಯರನ್ನೇ ಕೇಳಿ. ಆದರೆ ಕೇಳಿ. ಕೇಳದೆ ವರ್ಷ ತಳ್ಳಬೇಡಿ.

ಪಾಪ ಬರುತ್ತದೆ, ಶಾಪ ತಟ್ಟುತ್ತದೆ ಎನ್ನುವವರಿಗೆ ನಾನು ಸ್ವಲ್ಪ ಖಾರವಾಗಿಯೇ ಉತ್ತರ ಕೊಡುತ್ತೇನೆ. ಸೀತಿ ಬೆಟ್ಟದ ಭೈರವೇಶ್ವರನಿಗೆ ನಡೆದುಕೊಳ್ಳುವ ಮನೆತನ ನಮ್ಮದು. ನಾಯಿ ಭೈರವನ ವಾಹನ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಲೆತಲಾಂತರದಿಂದ ಹೋರಿಗಳಿಗೆ ಬೀಜ ಒಡೆಸಿ ಎತ್ತು ಮಾಡಿ ಉತ್ತಿದ್ದೇವೆ, ಈಗ ಪಶು ಆಸ್ಪತ್ರೆಯವರು ಬರ್ಡಿಜೋ ಇಕ್ಕಳದಲ್ಲಿ ಮಾಡುತ್ತಾರೆ. ಅದನ್ನು ಯಾರೂ ಪಾಪ ಎಂದದ್ದಿಲ್ಲ. ಕಣ್ಣು ಬಿಡದ ಮರಿಯನ್ನು ಚೀಲದಲ್ಲಿ ಕಟ್ಟಿ ಚಳಿಯಲ್ಲಿ ಎಸೆದು ಬರುವುದು ಪಾಪ. ಮರಿಗಳನ್ನು ಹುಡುಕಿಕೊಂಡು ತುಂಬಿದ ಮೊಲೆಯಲ್ಲಿ ಬೀದಿ ಬೀದಿ ಮೂಸುತ್ತಾ ತಿರುಗುವ ತಾಯಿ ನಾಯಿಯನ್ನು ನೋಡಿಯೂ ಬಾಗಿಲು ಹಾಕಿಕೊಳ್ಳುವುದು ಪಾಪ. ಹಾಲು ಹಾಕಲು ಬರುವ ಹೆಂಗಸರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿ ಬಂದಿಲ್ಲ. ಸಾಲು ಸಾಲು ಬಾಣಂತನ ಎಂದರೆ ಮೈಗೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತು. ತಡೆಯುವವರು ಹೆಚ್ಚಾಗಿ ಮನೆಯ ಗಂಡಸರು. ಈ ಮಾತನ್ನು ಬೇಕೆಂದೇ ಬರೆಯುತ್ತಿದ್ದೇನೆ.

ಆಪರೇಷನ್ ಮಾಡಿಸದೆ ಬಿಟ್ಟ ಹೆಣ್ಣು ನಾಯಿಗೆ ವಯಸ್ಸಾದಾಗ ಏನಾಗುತ್ತದೆ ಎಂಬುದೂ ತಿಳಿದಿರಲಿ. ಬೆದೆ ಮುಗಿದ ಕೆಲವು ವಾರಕ್ಕೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯೊಂದಿದೆ, ಪಯೋಮೆಟ್ರಾ ಎನ್ನುತ್ತಾರೆ. ನಾಯಿ ಊಟ ಬಿಡುತ್ತದೆ, ಬಕೆಟ್ಟುಗಟ್ಟಲೆ ನೀರು ಕುಡಿಯುತ್ತದೆ, ಹೊಟ್ಟೆ ಊದುತ್ತದೆ. ಕೆಲವಕ್ಕೆ ಹಿಂದಿನಿಂದ ದುರ್ವಾಸನೆಯ ಕೀವು ಸೋರುತ್ತದೆ, ಕೆಲವಕ್ಕೆ ಅದೂ ಕಾಣುವುದಿಲ್ಲ, ಅದು ಇನ್ನೂ ಅಪಾಯ. ನಮ್ಮ ಬೀದಿಯ ಕೊನೆ ಮನೆಯ ಮುದಿ ಪಮೇರಿಯನ್‌ಗೆ ಹಾಗಾಗಿ, ಸಾಯುವ ಸ್ಥಿತಿಯಲ್ಲಿ ಆಪರೇಷನ್ ಮಾಡಿ ಉಳಿಸಿದರು. ಎಳೆ ವಯಸ್ಸಿನಲ್ಲಿ ಗಟ್ಟಿಮುಟ್ಟಾಗಿರುವಾಗ ಆಗುವ ಕೆಲಸವನ್ನು ರಕ್ತಕ್ಕೆಲ್ಲ ನಂಜೇರಿದ ಮೇಲೆ ಮಾಡುವುದಕ್ಕೆ ಖರ್ಚೂ ಹೆಚ್ಚು, ಭರವಸೆಯೂ ಕಡಿಮೆ. ಇನ್ನು ಸಂಗದಿಂದ ಅಂಟುವ ಗಡ್ಡೆ. ನಮ್ಮ ಹಳ್ಳಿಗಳಲ್ಲಿ ಹಿಂದುಗಡೆ ರಕ್ತ ಸೋರುತ್ತಾ, ಹೂಕೋಸಿನ ಆಕಾರದ ಗಡ್ಡೆ ಹೊತ್ತು ತಿರುಗುವ ನಾಯಿಯನ್ನು ಕಲ್ಲು ಹೊಡೆದು ಓಡಿಸುತ್ತಾರೆ. ಅದು ಒಂದು ನಾಯಿಯಿಂದ ಇನ್ನೊಂದಕ್ಕೆ ಕೂಡುವಾಗ ದಾಟುವ ಕ್ಯಾನ್ಸರ್. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಬಹಳಷ್ಟು ನಾಯಿಗಳಲ್ಲಿ ಪೂರ್ತಿ ಕರಗುತ್ತದೆ. ಆದರೆ ಬೀದಿ ಅಲೆಯುವುದಕ್ಕೆ ಯಾರು ಕೊಡಿಸುತ್ತಾರೆ?

ಗಂಡು ನಾಯಿ ಸಾಕಿದವರೂ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಒಂದು ಹೆಣ್ಣು ಬೆದೆಗೆ ಬಂದರೆ ಅಕ್ಕಪಕ್ಕದ ಊರಿನ ಗಂಡುಗಳೆಲ್ಲ ಗುಂಪು ಕಟ್ಟುತ್ತವೆ, ಕಿವಿ ಹರಿದುಕೊಳ್ಳುತ್ತವೆ, ಟಿಪ್ಪರ್ ಓಡಾಡುವ ರಸ್ತೆಗೆ ಅಡ್ಡ ಬೀಳುತ್ತವೆ. ಬೈಕಿನವರು ಬಿದ್ದು ಕೈಕಾಲು ಮುರಿದುಕೊಳ್ಳುವುದೂ ಆ ಗುಂಪಿನಿಂದಲೇ. ಗಂಡಿನ ಆಪರೇಷನ್ ಇನ್ನೂ ಸುಲಭ, ಹೊಟ್ಟೆ ತೆರೆಯಬೇಕಾಗಿಲ್ಲ. ಆದರೆ ಮಾಡಿಸಿದ ಮೇಲೂ ಒಂದು ತಿಂಗಳು ಬೆದೆಗೆ ಬಂದ ಹೆಣ್ಣಿನಿಂದ ದೂರ ಇಡಬೇಕು. ಹಣ ಒಂದಕ್ಕೇ ಇದೆ ಎಂದಾದರೆ ಮೊದಲು ಹೆಣ್ಣಿಗೆ ಮಾಡಿಸಿ. ಹತ್ತು ಗಂಡುಗಳಿಗೆ ಮಾಡಿಸಿ ಒಂದನ್ನು ಬಿಟ್ಟರೂ ಆ ಒಂದೇ ಊರಿಗೆಲ್ಲ ಸಾಕು.

ಇದು ನಾಯಿಯ ಮೇಲಿನ ಕನಿಕರದ ಮಾತು ಮಾತ್ರವಲ್ಲ. ನಮ್ಮ ಸಂಘದ ಸದಸ್ಯೆಯೊಬ್ಬರ ಹಸು ಒಂದು ದಿನ ಮೇವು ಬಿಟ್ಟಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಗಂಟಲು ಕಟ್ಟಿದ ದನಿಯಲ್ಲಿ ಬಿಡದೆ ಕೂಗುತ್ತಿತ್ತು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮನೆಯವರು ಒಬ್ಬರಾದ ಮೇಲೆ ಒಬ್ಬರು ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ಹುಡುಕಿದರು. ಪಶುವೈದ್ಯರು ಬಂದವರೇ ಎಲ್ಲರನ್ನೂ ದೂರ ಸರಿಸಿದರು. ಅದು ರೇಬೀಸ್. ಹಿಂದೆ ಒಂದು ದಿನ ಕೊಟ್ಟಿಗೆಗೆ ನುಗ್ಗಿದ ನಾಯಿ ಕಚ್ಚಿದ್ದು ಆಗ ನೆನಪಾಯಿತು. ಹಸು ಸತ್ತಿತು. ಮನೆಯ ಅಷ್ಟೂ ಜನ, ಕೈ ಹಾಕಿದ ನೆರೆಯವರು ಸೇರಿ ಚುಚ್ಚುಮದ್ದು ಹಾಕಿಸಿಕೊಂಡರು. ಡೇರಿಗೆ ಆ ಹಾಲು ಬಂದಿತ್ತಲ್ಲ ಎಂದು ಊರೆಲ್ಲ ನನ್ನ ಬಾಗಿಲಿಗೆ ಬಂದಿತು. ಕಾಯಿಸಿದ ಹಾಲಿನಿಂದ ರೇಬೀಸ್ ಬರುವುದಿಲ್ಲ ಎಂದು ವೈದ್ಯರ ಬಾಯಲ್ಲೇ ಹೇಳಿಸಬೇಕಾಯಿತು. ರೋಗದ ಲಕ್ಷಣ ಕಂಡ ಮೇಲೆ ಹಸುವಿಗಾಗಲಿ ಮನುಷ್ಯರಿಗಾಗಲಿ ಚಿಕಿತ್ಸೆ ಇಲ್ಲ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಚ್ಚಿದರೆ ಅರಿಶಿನ, ಕಾಫಿ ಪುಡಿ, ಸುಣ್ಣ ಏನೂ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ಕೊಟ್ಟ ತಾರೀಖುಗಳಿಗೆ ಎಲ್ಲ ಡೋಸೂ ಮುಗಿಸಿ. ವರ್ಷ ವರ್ಷ ಹುಟ್ಟಿ ಬರುವ ಮರಿಗಳಿಗೆಲ್ಲ ಲಸಿಕೆ ಹಾಕುತ್ತಾ ಹೋಗುವುದು ಯಾರ ಕೈಯಲ್ಲೂ ಆಗುವುದಿಲ್ಲ. ಹುಟ್ಟು ನಿಂತರೆ ಇರುವವಕ್ಕೆ ಲಸಿಕೆ ಹಾಕಬಹುದು.

ಹಿಡಿದು ದೂರ ಬಿಟ್ಟು ಬನ್ನಿ ಎನ್ನುವವರು ಕಾನೂನನ್ನೂ ನೋಡಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದರೆ ಆಪರೇಷನ್, ಲಸಿಕೆ ಮಾಡಿ ಹಿಡಿದ ಜಾಗದಲ್ಲೇ ಬಿಡಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲೂ ರೇಬೀಸ್ ಇರುವ, ಆಕ್ರಮಣಕಾರಿಯಾದ ನಾಯಿಗಳನ್ನು ಬಿಟ್ಟು ಉಳಿದವಕ್ಕೆ ಇದನ್ನೇ ಹೇಳಿತು. ಆಮೇಲೆ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆಗಳಿಂದ ಹಿಡಿದವನ್ನು ಆಶ್ರಯ ಕೇಂದ್ರಕ್ಕೆ ಸಾಗಿಸಬೇಕು, ಅಲ್ಲಿಗೇ ಮರಳಿ ಬಿಡಬಾರದು ಎಂದಿತು. ಈ ಚರ್ಚೆಯಲ್ಲಿ ಎಲ್ಲರೂ ಮರೆಯುವ ಮಾತೊಂದು ಅದೇ 2023ರ ನಿಯಮಗಳಲ್ಲಿದೆ. ಬೀದಿನಾಯಿಯ ಹೊಣೆ ಸ್ಥಳೀಯ ಸಂಸ್ಥೆಯದು. ಸಾಕಿದ ಪ್ರಾಣಿಗೆ ಜಂತು ಔಷಧಿ, ಲಸಿಕೆ, ಸಂತಾನಹರಣ ಮಾಡಿಸುವ ಹೊಣೆ ಸಾಕಿದವರದು. ಅಂದರೆ ಇದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಆದರೆ ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಇವತ್ತು ಎರಡು ಲೀಟರ್ ಹಾಲೂ ಬರುವುದಿಲ್ಲ. ಅರವತ್ತು ವರ್ಷ ದಾಟಿದ ಈ ಮೊತ್ತವನ್ನು ಏರಿಸಿ ಎಂದು ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಬೇಕು.

ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಬಂದ ಮೇಲೆ ಇನ್ನೊಂದು ಸಮಸ್ಯೆ ಸೇರಿಕೊಂಡಿದೆ. ಬಾಡಿಗೆ ಮನೆಗಳಲ್ಲಿರುವ ಹುಡುಗರು ಆಸೆಪಟ್ಟು ಜಾತಿ ನಾಯಿ ತರುತ್ತಾರೆ, ಕೆಲಸ ಬದಲಾದಾಗ ಬಿಟ್ಟು ಹೋಗುತ್ತಾರೆ. ಹಿಮದ ನಾಡಿನ ಹಸ್ಕಿ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಚರಂಡಿಗೆ ಇಳಿದು ಮಲಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮರಿ ಮಾರಿ ದುಡ್ಡು ಮಾಡೋಣ ಎಂದು ಆಪರೇಷನ್ ಮಾಡಿಸದೆ ಇಟ್ಟುಕೊಳ್ಳುವ ಮನೆಗಳೂ ಇವೆ. 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟದ ನಿಯಮಗಳಂತೆ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮೊಬೈಲಿನಲ್ಲಿ ಫೋಟೊ ನೋಡಿ ಮರಿ ಕೊಳ್ಳುವವರು ಇದನ್ನು ಒಮ್ಮೆಯಾದರೂ ಕೇಳಬೇಕು.

ಬೆಕ್ಕು ಸಾಕಿದವರಿಗೂ ಇದೇ ಮಾತು. ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು.

ಇನ್ನು ಆಗಬೇಕಾದದ್ದು. ಊರ ಹೆಂಗಸರು ನಾಯಿಯನ್ನು ಹಗ್ಗದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಕೋಲಾರಕ್ಕೆ ಹೋಗಲಾರರು. ಬಸ್ಸಿನಲ್ಲಿ ಹತ್ತಿಸುವುದೂ ಇಲ್ಲ. ಮನಸ್ಸಿದ್ದೂ ಆಪರೇಷನ್ ಆಗದೆ ಉಳಿಯುವುದು ಹೆಚ್ಚಾಗಿ ಇದೊಂದೇ ಕಾರಣಕ್ಕೆ. ಕಾಲುಬಾಯಿ ರೋಗದ ಲಸಿಕೆ ಹಾಕಲು ಪಶುಪಾಲನಾ ಇಲಾಖೆಯವರು ಊರೂರಿಗೆ ಬರುತ್ತಾರೆ; ಹಿಂದಿನ ದಿನ ಡೇರಿಯಲ್ಲಿ ಹೇಳಿದರೆ ಸಾಕು, ಬೆಳಿಗ್ಗೆ ದನಗಳೆಲ್ಲ ಸಿದ್ಧವಾಗಿರುತ್ತವೆ. ಅದೇ ಏರ್ಪಾಟಿನಲ್ಲಿ ನಾಯಿಗಳಿಗೂ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಬಹುದು. ಆಪರೇಷನ್ ಮಾತ್ರ ಸರಿಯಾದ ಥಿಯೇಟರಿನಲ್ಲಿ, ಮತ್ತಿನ ಅಮಲು ಇಳಿಯುವವರೆಗೆ ನೋಡಿಕೊಳ್ಳುವ ಜನರಿರುವ ಕಡೆಯೇ ಆಗಬೇಕು. ಊರ ಜಗುಲಿಯಲ್ಲಿ ಅವಸರದಲ್ಲಿ ಮಾಡಿ ನಾಯಿ ಸತ್ತರೆ ಮುಂದೆ ಹತ್ತು ವರ್ಷ ಯಾರೂ ಒಪ್ಪುವುದಿಲ್ಲ. ಗ್ರಾಮ ಪಂಚಾಯಿತಿಗಳು ಎರಡು ಮೂರು ಸೇರಿ ಒಂದು ಗೂಡ್ಸ್ ಗಾಡಿ ಗೊತ್ತು ಮಾಡಲಿ, ಹೆಣ್ಣು ನಾಯಿಗಳನ್ನು ಕರೆದೊಯ್ದು ಮಾಡಿಸಿ ವಾಪಸು ತಂದು ಬಿಡಲಿ. ಕಟ್ಟಿ ಸಾಕದೆ ಬಿಟ್ಟು ಸಾಕುವ ನಾಯಿಗಳಿಗೆ ಬೀದಿನಾಯಿಗೆ ಮಾಡುವಂತೆ ಕಿವಿಯಲ್ಲಿ ಗುರುತು ಹಾಕಿಸಿದರೆ ಮತ್ತೆ ಹಿಡಿದು ಹೊಟ್ಟೆ ಕೊಯ್ಯುವ ಗೊಂದಲ ತಪ್ಪುತ್ತದೆ.

ಯಾರ ಮನೆಯಲ್ಲಿ ಹೆಣ್ಣು ನಾಯಿ ಇದೆ ಎಂಬುದು ಸರ್ಕಾರಕ್ಕೆ ಗೊತ್ತಿಲ್ಲ, ಡೇರಿಗೆ ಗೊತ್ತು. ನಾನು ಈಗಾಗಲೇ ಹಳೆಯ ಕೃತಕ ಗರ್ಭಧಾರಣೆ ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ಬರೆಯಲು ಶುರು ಮಾಡಿದ್ದೇನೆ. ಮನೆಯವರ ಹೆಸರು, ನಾಯಿಯ ಬಣ್ಣ, ವಯಸ್ಸು, ಕೊನೆಯ ಸಲ ಮರಿ ಹಾಕಿದ ತಿಂಗಳು, ಲಸಿಕೆ ಹಾಕಿಸಿದ್ದಾರೋ ಇಲ್ಲವೋ. ಮೊದಲು ಕೆಲವರು ಅನುಮಾನಪಟ್ಟರು, ಈಗ ಅವರೇ ಬಂದು ಬರೆಸುತ್ತಿದ್ದಾರೆ. ಒಬ್ಬರು ಬಟವಾಡೆಯಲ್ಲಿ ಕಂತು ಕಂತಾಗಿ ಹಿಡಿದುಕೊಂಡು ಆಪರೇಷನ್ ಖರ್ಚು ಕೊಡಬಹುದಾ ಎಂದು ಕೇಳಿದರು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನು ವಿಷಯವಾಗಿ ಇಡುತ್ತಿದ್ದೇನೆ. ಪಶು ಆಹಾರಕ್ಕೆ ಹಿಡಿಯುತ್ತೇವೆ, ಇದಕ್ಕೆ ಯಾಕಾಗದು? ಉಳಿದ ಸಂಘಗಳ ಕಾರ್ಯದರ್ಶಿಗಳೂ ಇಂಥ ಪಟ್ಟಿ ಮಾಡಿದರೆ ಹೋಬಳಿಗೆ ಎಷ್ಟು ಆಪರೇಷನ್ ಬೇಕು, ಎಷ್ಟು ಲಸಿಕೆ ಬೇಕು ಎಂಬ ಲೆಕ್ಕ ಒಂದೇ ತಿಂಗಳಲ್ಲಿ ಕೈಗೆ ಸಿಗುತ್ತದೆ.

ನಮ್ಮ ಕಡೆ ನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಗೆ ಕೂಡುತ್ತವೆ. ಆದ್ದರಿಂದ ಆಪರೇಷನ್ ಕೆಲಸ ಗೌರಿ ಹಬ್ಬಕ್ಕೆ ಮುಂಚೆ ಆಗಬೇಕು, ಆಮೇಲೆ ಮಾಡಿದರೆ ಆ ವರ್ಷದ ಮರಿಗಳು ಹೊಟ್ಟೆಯಲ್ಲಿ ಬಂದಿರುತ್ತವೆ. ಬೆಳಿಗ್ಗೆ ಒಂಬತ್ತಕ್ಕೆ ಹಾಲಿನ ಗಾಡಿ ಹೋದ ಮೇಲೆ ಸಂಜೆ ನಾಲ್ಕೂವರೆವರೆಗೆ ನಮ್ಮ ಡೇರಿ ಕಟ್ಟಡ ಖಾಲಿ ಇರುತ್ತದೆ, ಲಸಿಕೆಯನ್ನು ಅಲ್ಲೇ ಹಾಕಬಹುದು. ನೀರು, ಕರೆಂಟು, ನೆರಳು, ಲಸಿಕೆ ಇಡಲು ಫ್ರಿಜ್ ಇದೆ, ನಾಯಿ ಹಿಡಿದುಕೊಳ್ಳಲು ಅದರ ಮನೆಯವರು ಇರುತ್ತಾರೆ. ಇಲಾಖೆಯವರು ಬರುವ ದಿನವನ್ನು ಎರಡು ದಿನ ಮುಂಚೆ ತಿಳಿಸಿದರೆ ಸಾಕು.

ಇಂತಿ,
ಕಾರ್ಯದರ್ಶಿ, ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ,
ವೇಮಗಲ್ ಹೋಬಳಿ, ಕೋಲಾರ ತಾಲ್ಲೂಕು